ಚೌಕ ತಲೆಯ ಬೋಲ್ಟು

ಕಾರಿನ ಬಾನೆಟ್ಟು ಎತ್ತಿ ನಿಂತ ಗಂಡಸಿನ ಮುಖವನ್ನು ನೀವು ಯಾವಾಗಲಾದರೂ ಗಮನವಿಟ್ಟು ನೋಡಿದ್ದೀರಾ? ಒಳಗಿರುವ ವಸ್ತುಗಳಲ್ಲಿ ಅವನಿಗೆ ಗೊತ್ತಿರುವುದು ಬ್ಯಾಟರಿ ಒಂದೇ, ಅದೂ ಅದರ ಮೇಲೆ ಹಾಗೆಂದು ಬರೆದಿರುವುದರಿಂದ. ಆದರೂ ಸೊಂಟದ ಮೇಲೆ ಕೈಯಿಟ್ಟು, ತುಟಿ ಬಿಗಿಹಿಡಿದು, 'ಹೂಂ' ಎಂದು ತಲೆಯಾಡಿಸುತ್ತಾನೆ. ಒಂದೆರಡು ಪೈಪುಗಳನ್ನು ಬೆರಳಲ್ಲಿ ಒತ್ತಿ ನೋಡುತ್ತಾನೆ. ಆಮೇಲೆ ಧಡಾರನೆ ಬಾನೆಟ್ಟು ಮುಚ್ಚಿ, ಏನೋ ದೊಡ್ಡ ಕೆಲಸ ಮುಗಿಸಿದವನಂತೆ ಕೈ ಒರೆಸಿಕೊಳ್ಳುತ್ತಾನೆ. ನಾನು ಆ ಪೈಕಿಯವನು. ವೈಪರಿಗೆ ನೀರು ತುಂಬಿಸುವುದಕ್ಕೇ ಕಾಲು ಗಂಟೆ ಬಾನೆಟ್ಟು ತೆರೆದಿಟ್ಟುಕೊಂಡು, ಬೀದಿಯಲ್ಲಿ ಹೋಗುವ ನಾಲ್ಕು ಜನ ನೋಡಲಿ ಎಂದು ಕಾಯುವವನು.

ರಾಮನಗರದ ನಮ್ಮ ಬೀದಿಯಲ್ಲಿ ಬೆಳಗ್ಗೆ ಎಂಟಕ್ಕೆಲ್ಲ ರೇಷ್ಮೆಗೂಡು ಬೇಯಿಸುವ ವಾಸನೆ ಹರಡಿರುತ್ತದೆ. ಬೇರೆ ಊರಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಅದು ಕಾಫಿಯ ಜೊತೆಗೇ ಬರುವ ವಾಸನೆ. ಒಂದು ಗುರುವಾರ, ಅಂಥ ಹೊತ್ತಿನಲ್ಲಿ, ನಾನು ನನ್ನ ವೈಪರ್ ಸೇವೆಯಲ್ಲಿ ತೊಡಗಿದ್ದಾಗ ಬ್ಯಾಟರಿಯ ಪಕ್ಕದ ಸಂದಿನಲ್ಲಿ ಏನೋ ಮಿಣುಕಿತು. ಬೆರಳು ತೂರಿಸಿದೆ, ಸಿಗಲಿಲ್ಲ. ಮನೆಯೊಳಗೆ ಹೋಗಿ ಹೆಂಡತಿಯ ಕಣ್ಣು ತಪ್ಪಿಸಿ ಇಕ್ಕಳ ತಂದೆ. ಮೂರನೆಯ ಯತ್ನಕ್ಕೆ ಬಂತು. ಒಂದು ಬೋಲ್ಟು!

ನನ್ನ ತೋರುಬೆರಳಿನಷ್ಟು ಉದ್ದ. ತಲೆ ಆರು ಮೂಲೆಯದಲ್ಲ, ಚೌಕ. ತುದಿಯ ಅರ್ಧದಲ್ಲಿ ಮಾತ್ರ ಥ್ರೆಡ್ಡು, ಅಂದರೆ ತಿರುಪಿನ ಗೀರು. ಕುತ್ತಿಗೆಯ ಹತ್ತಿರ, ಈ ಕಡೆಯಿಂದ ಆ ಕಡೆಗೆ, ಒಂದು ಸಣ್ಣ ತೂತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ಆದ ಸಂಭ್ರಮವನ್ನು ನಿಮಗೆ ಹೇಗೆ ಹೇಳಲಿ? ನಲವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ಆಗ ಮಾಗಡಿ ಕಡೆಯ ನಮ್ಮ ಹಳ್ಳಿಯಿಂದ ಶಾಲೆಗೆ ನಡೆದು ಹೋಗುವಾಗ ನನ್ನ ಕಣ್ಣು ನೆಲದ ಮೇಲೇ ಇರುತ್ತಿತ್ತು. ನಟ್ಟು, ವಾಷರು, ಸೈಕಲ್ಲಿನ ಬೇರಿಂಗ್ ಗುಂಡು, ಲಾರಿಯಿಂದ ಉದುರಿದ ಸ್ಪ್ರಿಂಗು, ಏನು ಸಿಕ್ಕಿದರೂ ಚಡ್ಡಿ ಜೇಬಿಗೆ. ಜೇಬು ಭಾರವಾಗಿ ಚಡ್ಡಿ ಒಂದು ಕಡೆಗೆ ಜಾರುತ್ತಿತ್ತು. ಉಳಿದ ಹುಡುಗರು ಅವನ್ನು ಗುಜರಿಯವನಿಗೆ ಕೊಟ್ಟು ಕಡ್ಲೆಪುರಿ ತಿನ್ನುತ್ತಿದ್ದರು. ನಾನು ಕೊಡುತ್ತಿರಲಿಲ್ಲ. ಇವೆಲ್ಲ ಸೇರಿದರೆ ಎಂದಾದರೂ ಒಂದು ಯಂತ್ರವಾಗುತ್ತದೆ, ಅದು ಏನು ಮಾಡುತ್ತದೆ ಎಂದು ಆಮೇಲೆ ನೋಡಿಕೊಂಡರಾಯಿತು ಎಂಬುದು ನನ್ನ ಲೆಕ್ಕಾಚಾರ.

ಎಂಟನೆಯ ಕ್ಲಾಸಿನಲ್ಲಿ ಸೋದರಮಾವನ ಮನೆಯ ಟೇಬಲ್ ಫ್ಯಾನು ಬಿಚ್ಚಿದೆ. ಮತ್ತೆ ಜೋಡಿಸಿದೆ. ಒಂದು ಸ್ಕ್ರೂ ಉಳಿಯಿತು. ಫ್ಯಾನು ತಿರುಗಿತು, ಸುಳ್ಳು ಹೇಳುವುದಿಲ್ಲ. ತಿರುಗುತ್ತ ತಿರುಗುತ್ತ ಮೇಜಿನ ಮೇಲೆ ನಡೆಯಲು ಶುರು ಮಾಡಿತು. ನಡೆದು ನಡೆದು, ಅಂಚಿಗೆ ಬಂದು, ಊಟಕ್ಕೆ ಕೂತಿದ್ದ ಮಾವನ ತೊಡೆಯ ಮೇಲೆ ಬಿತ್ತು. ಅಂದಿನಿಂದ ಉಳಿದ ಸ್ಕ್ರೂ ಎಂದರೆ ನನಗೆ ಒಂದು ಕಡೆ ಭಯ, ಇನ್ನೊಂದು ಕಡೆ ಆಸೆ.

ಈಗ ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ತಿರುಪು ಒಂದು ಸರಳ ಯಂತ್ರ, ಕಂಬಕ್ಕೆ ಸುತ್ತಿದ ಇಳಿಜಾರು ಎಂದು ವರ್ಷ ವರ್ಷವೂ ಪೆನ್ಸಿಲ್ಲಿಗೆ ಕಾಗದದ ತ್ರಿಕೋನ ಸುತ್ತಿ ತೋರಿಸುತ್ತ ಬಂದಿದ್ದೇನೆ. ಅಂಥ ನನಗೆ ನನ್ನದೇ ಕಾರಿನಲ್ಲಿ ಸಿಕ್ಕ ಸರಳ ಯಂತ್ರ ಯಾವುದು, ಎಲ್ಲಿಯದು ಎಂದು ಗೊತ್ತಾಗಲಿಲ್ಲ. ಬಾನೆಟ್ಟಿನೊಳಗೆ ತಲೆ ತೂರಿಸಿ ಖಾಲಿ ತೂತು ಎಲ್ಲಿದೆ ಎಂದು ಹುಡುಕಿದೆ. ಹಾಗೆ ನೋಡಿದರೆ ಕಾರಿನ ತುಂಬ ತೂತುಗಳೇ ಇವೆ. ಒಂದೊಂದಕ್ಕೂ ಇದನ್ನು ಇಟ್ಟು ನೋಡಿದೆ. ಯಾವುದಕ್ಕೂ ಸೇರಲಿಲ್ಲ.

ಇಲ್ಲಿಯವರೆಗೆ ಮಾಡಿದ್ದೆಲ್ಲ ಸರಿ. ಮುಂದೆ ಮಾಡಿದ್ದು ತಪ್ಪು. ಉತ್ಸಾಹ ಬಂದಾಗ ನನ್ನ ಬೆರಳು ಬುದ್ಧಿಗಿಂತ ಮುಂದೆ ಓಡುತ್ತದೆ. ಬೋಲ್ಟನ್ನು ನೀರು ತಂದಿದ್ದ ಹೂಜಿಯ ಮುಚ್ಚಳದ ಮೇಲೆ ಮಲಗಿಸಿ, ಫೋಟೋ ತೆಗೆದು, ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಕೆಳಗೆ ಒಂದು ಒಕ್ಕಣೆ: 'ಸರ್ವೀಸ್ ಆದ ಮೇಲೆ ಉಳಿದ ಬೋಲ್ಟು. ನಮ್ಮ ರಾಜು ಕಾರಿನ ತೂಕ ಇಳಿಸುತ್ತಿದ್ದಾನೆ!' ಅದರ ಮುಂದೆ ನಗುವ ಮುಖಗಳು ಮೂರು. ಶಾಲೆಗೆ ಹೋಗಿ ಎರಡು ಪಿರಿಯಡ್ಡು ಮುಗಿಸಿ ಬರುವಷ್ಟರಲ್ಲಿ ನಲವತ್ತು ಜನ ನಕ್ಕಿದ್ದರು. ನಾನು ಬೀಗಿದೆ. ನನ್ನ ಪಾಠಕ್ಕೆ ಅಷ್ಟು ಜನ ಯಾವತ್ತೂ ನಕ್ಕಿಲ್ಲ.

ರಾಜು ಯಾರೆಂದು ಹೇಳಬೇಕು. ಅವನು ನನ್ನ ಬಾಲ್ಯದ ಸಹಪಾಠಿ, ನಮ್ಮ ಪಕ್ಕದ ಹಳ್ಳಿಯವನು. ಹತ್ತನೆಯ ಕ್ಲಾಸಾದ ಮೇಲೆ ಲಾರಿ ಗ್ಯಾರೇಜಿಗೆ ಸೇರಿ ಕೆಲಸ ಕಲಿತ. ಈಗ ರಾಮನಗರದಲ್ಲೇ ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ನಾನು ಈ ಕಾರು ಕೊಂಡಾಗಿನಿಂದ ಅದರ ಬಾನೆಟ್ಟಿನೊಳಗೆ ಕೈಯಿಟ್ಟಿರುವವನು ಅವನೊಬ್ಬನೇ. ಹಿಂದಿನ ವಾರವಷ್ಟೇ ಸರ್ವೀಸು ಮಾಡಿ, ತೊಳೆದು, ಹೊಳೆಯುವಂತೆ ಮಾಡಿ ಕೊಟ್ಟಿದ್ದ. ನಾವಿಬ್ಬರೂ ಮಾತಾಡುವುದು ಇವತ್ತಿಗೂ 'ಏನ್ಲಾ', 'ಹೋಗ್ಲಾ' ಎಂದೇ. ನನ್ನ ಶಾಲೆಯ ಮಕ್ಕಳು ಪಕ್ಕದಲ್ಲಿದ್ದರೂ ಅವನು ಬಿಡುವುದಿಲ್ಲ.

ಸಂಜೆ ರಾಜುವಿನ ಫೋನು ಬಂತು. "ಸಾರ್, ಗಾಡಿ ಒಸಿ ಗ್ಯಾರೇಜ್ ತವ ತಂದುಬುಡಿ" ಎಂದ.

ಸಾರ್! ನಾನು ಗಾಬರಿಯಾಗಿ ಕಾರು ತೆಗೆದುಕೊಂಡು ಗ್ಯಾರೇಜಿಗೆ ಹೋದೆ. ರಾಜು ಮುಖ ಕೊಟ್ಟು ಮಾತಾಡಲಿಲ್ಲ. ಬೋಲ್ಟನ್ನು ಇಸಕೊಂಡು, ಒಂದು ಸಲ ತಿರುಗಿಸಿ ನೋಡಿ, ಬೆಂಚಿನ ಮೇಲೆ ಇಟ್ಟ. ಆಮೇಲೆ ಎರಡು ಗಂಟೆ ಕಾರಿನ ಮೇಲೆ, ಕಾರಿನ ಕೆಳಗೆ, ಟಾರ್ಚು ಹಿಡಿದು ಒಂದೊಂದು ಬೋಲ್ಟಿನ ಮೇಲೂ ಕೈಯಿಟ್ಟ. ನಾನು ಸ್ಟೂಲಿನ ಮೇಲೆ ಕೂತು, ಮನೆಗೆ ಹೋದ ಮೇಲೆ ಹೆಂಡತಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಕೊನೆಗೆ ಎದ್ದು ಬಂದು ಹೇಳಿದ: "ಒಂದೂ ಕಮ್ಮಿ ಇಲ್ಲ. ಈ ಬೋಲ್ಟು ಈ ಗಾಡೀದಲ್ಲ, ನನ್ ಗ್ಯಾರೇಜಿಂದೂ ಅಲ್ಲ. ನಂಬೋದು ಬುಡೋದು ನಿಮ್ಗೆ ಸೇರಿದ್ದು."

"ಲೇ ರಾಜು, ತಮಾಷೆಗೆ ಹಾಕ್ದೆ ಕಣೋ" ಎಂದೆ.

"ನಿಮ್ಗೆ ತಮಾಷೆ. ಕನಕಪುರದ ಕಡೆ ಒಂದು ಇಸ್ಕೂಲಿಂದು ಎರಡು ವ್ಯಾನು ಈ ವಾರ ನಂಗೆ ಒಪ್ಪಿಸ್ತೀವಿ ಅಂದಿದ್ರು. ವರ್ಷಪೂರ್ತಿ ನಾನೇ ನೋಡ್ಕೊಳ್ಳೋದು ಅಂತ ಮಾತಾಗಿತ್ತು. ಮಧ್ಯಾಹ್ನ ನಿಮ್ ಫೋಟೋ ಅವ್ರ ಕೈಲೈತೆ. ಯೋಚ್ನೆ ಮಾಡಿ ಸೋಮವಾರ ಹೇಳ್ತೀವಿ ಅಂದವ್ರೆ." ಒಂದು ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಮಕ್ಳು ಕೂರೋ ಗಾಡಿ. ಅವ್ರದೇನೂ ತಪ್ಪಿಲ್ಲ ಬುಡಿ."

ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಬೆಳಗ್ಗೆ ಎಂಟು ಗಂಟೆಗೆ ನಾನು ಒತ್ತಿದ ಗುಂಡಿ ಮಧ್ಯಾಹ್ನಕ್ಕೆ ಕನಕಪುರ ಮುಟ್ಟಿ, ನನ್ನ ಸ್ನೇಹಿತನ ಹೆಸರಿಗೆ ಮಸಿ ಬಳಿದು ಬಂದಿತ್ತು. ಉಳಿದಿರುವುದು ಶುಕ್ರವಾರ, ಶನಿವಾರ, ಭಾನುವಾರ. ಅಷ್ಟರೊಳಗೆ ಈ ಬೋಲ್ಟು ಯಾರದು, ಎಲ್ಲಿಂದ ಬಂತು ಎಂದು ಪತ್ತೆ ಮಾಡಲೇಬೇಕು. ನಾಚಿಕೆ ಎಷ್ಟಿತ್ತೋ, ನಿಜ ಹೇಳುತ್ತೇನೆ, ಪತ್ತೇದಾರಿಕೆಯ ಹುರುಪೂ ಅಷ್ಟೇ ಇತ್ತು. ನನ್ನ ಸ್ವಭಾವವೇ ಅಷ್ಟು. ಬೆಂಕಿ ಹಚ್ಚಿದವನೂ ನಾನೇ, ನೀರು ಹೊರುವಾಗ ಕುಣಿಯುವವನೂ ನಾನೇ.

ಶುಕ್ರವಾರ ಶಾಲೆ ಬಿಟ್ಟ ಕೂಡಲೇ ಮೈಸೂರು ರಸ್ತೆಯಲ್ಲಿರುವ ಮಂಜುಳಮ್ಮನವರ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಓಡಿದೆ. ಆಕೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ, ಗೋಡೆ ತುಂಬ ತೂಗುಹಾಕಿದ ಸಾವಿರ ಪೊಟ್ಟಣಗಳಲ್ಲಿ ಯಾವುದು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವಂಥವರು. ಬೋಲ್ಟನ್ನು ಅಂಗೈಯಲ್ಲಿ ತೂಗಿ ನೋಡಿದರು. ಡಬ್ಬಿಯಿಂದ ನಟ್ಟುಗಳನ್ನು ಸುರಿದು ಒಂದೊಂದಾಗಿ ಹಾಕಿ ನೋಡಿದರು. ಒಂದೂ ಎರಡು ಸುತ್ತಿಗಿಂತ ಮುಂದೆ ಹೋಗಲಿಲ್ಲ.

"ಇದು ಇಂಚಿನ ಥ್ರೆಡ್ಡು ಸಾರ್. ಈಗಿನ ಕಾರಲ್ಲಿ ಎಲ್ಲಾ ಎಂ.ಎಂ. ಅಳತೆ. ಚೌಕ ತಲೆ ಬೋಲ್ಟು ಕಾರಲ್ಲಿ ಎಲ್ಲಿದ್ದಾತು? ಇದು ನಿಮ್ಗಿಂತ ವಯಸ್ಸಾದ ಬೋಲ್ಟು" ಎಂದರು.

ಕುಣಿದಾಡುವಂತಾಯಿತು. ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಗುಂಪಿಗೆ ಬರೆದೆ: 'ಬೋಲ್ಟು ನನ್ನ ಕಾರಿನದೇ ಅಲ್ಲ ಎಂದು ಖಾತ್ರಿಯಾಗಿದೆ. ರಾಜು ನಿರಪರಾಧಿ.' ಒಂದೇ ನಿಮಿಷದಲ್ಲಿ ಒಬ್ಬ ಮಹಾಶಯನ ಉತ್ತರ ಬಂತು: 'ಹಾಗಾದ್ರೆ ಯಾವುದೋ ಬೇರೆ ಗಾಡೀದು ಬಿಚ್ಚಿ ನಿಮ್ ಗಾಡೀಲಿ ಹಾಕವ್ನೆ. ಆ ಬೇರೆ ಗಾಡಿ ಗತಿ ಏನು ಸಾರ್?'

ನೋಡಿ, ಜನರ ತರ್ಕಕ್ಕೆ ನಾನು ಯಾವ ಸೂತ್ರ ಕಲಿಸಲಿ? ಬೆಳಗ್ಗೆಯವರೆಗೆ ನನ್ನ ಒಂದು ಕಾರಿನ ಬಗ್ಗೆ ಅನುಮಾನವಿತ್ತು. ಈಗ ರಾಜು ಮುಟ್ಟಿದ ಎಲ್ಲ ಗಾಡಿಗಳ ಮೇಲೂ ಹಬ್ಬಿತು. ಸಂಜೆಯೊಳಗೆ ನಾಲ್ಕು ಜನ ತಮ್ಮ ಗಾಡಿಯ ಬೋಲ್ಟು ಎಣಿಸಿಕೊಡು ಎಂದು ಅವನ ಗ್ಯಾರೇಜಿಗೆ ಹೋದರಂತೆ. ನಾನು ಫೋನು ಮಾಡಿದರೆ ಅವನು ಎತ್ತಲಿಲ್ಲ. ಇದು ಕಾರಿನದಲ್ಲ ಎಂದು ಸಾಧಿಸಿದರೆ ಸಾಲದು, ಇದು ಯಾವುದರದು ಎಂದೇ ತೋರಿಸಬೇಕು ಎಂದು ಆಗ ಅರ್ಥವಾಯಿತು.

ಶನಿವಾರ ಅರ್ಧ ದಿನದ ಶಾಲೆ. ಮುಗಿಸಿಕೊಂಡು ಚನ್ನಪಟ್ಟಣಕ್ಕೆ ಹೊರಟೆ. ಅಲ್ಲಿ ಖಲೀಲಣ್ಣ ಇದ್ದಾರೆ. ಮರದ ಆಟಿಕೆ ಮಾಡುವವರು, ಮರ ಕಡೆಯುವ ಲೇತಿನ ಮುಂದೆ ಕೂತು ಐವತ್ತು ವರ್ಷ ಆಗಿರಬಹುದು. ಒಮ್ಮೆ ನಾನು ಪಾಠಕ್ಕೆಂದು ಮೊಳದುದ್ದದ ಮರದ ತಿರುಪೊಂದನ್ನು ಮಾಡಿಸಿಕೊಂಡಿದ್ದೆ. ಅದಕ್ಕೆ ಅವರು ನಾನು ಕೇಳದೆಯೇ ಕೆಂಪು ಹಳದಿ ಅರಗಿನ ಬಣ್ಣ ಹಾಕಿ ಕೊಟ್ಟಿದ್ದರು. ನಮ್ಮ ಶಾಲೆಯಲ್ಲಿ ಮಕ್ಕಳು ಕದಿಯಲು ಯತ್ನಿಸಿದ ಏಕೈಕ ಪಾಠೋಪಕರಣ ಅದು. ತಿರುಗುವ ವಸ್ತು ಯಾವುದೇ ಇರಲಿ, ಅವರು ಮುಟ್ಟಿದರೆ ಅದರ ಜಾತಕ ಹೇಳುತ್ತಾರೆ ಎಂಬ ನಂಬಿಕೆ ನನ್ನದು.

ಲೇತು ನಿಲ್ಲಿಸಿ, ಕನ್ನಡಕ ಏರಿಸಿ, ಬೋಲ್ಟನ್ನು ಬಾಗಿಲ ಬೆಳಕಿಗೆ ಹಿಡಿದರು. ನಾನು ತಾಳ್ಮೆಗೆಟ್ಟು ಅವರ ಹೆಗಲ ಮೇಲಿಂದ ಇಣುಕಿದೆ. ಮೊದಲು ತೂತಿನ ಮೇಲೆ ಉಗುರು ಆಡಿಸಿದರು.

"ಮೇಷ್ಟ್ರೇ, ಈ ತೂತು ಬೋಲ್ಟ್ ಮಾಡಿದೋರು ಹಾಕಿದ್ದಲ್ಲ. ಆಮೇಲೆ ಯಾರೋ ಕೈಯಾಗೆ ಕೊರೆದವ್ರೆ, ಒಸಿ ಸೊಟ್ಟ ಐತೆ. ಅಂಚು ನೋಡಿ, ಹೆಂಗೆ ನುಣ್ಣಗಾಗೈತೆ. ಒಳಗೆ ಕಬ್ಬಿಣದ ಪಿನ್ ಇದ್ದಿದ್ರೆ ಗೀರು ಬೀಳ್ತಿತ್ತು. ಇದ್ರಲ್ಲಿ ಇದ್ದಿದ್ದು ದಾರ. ಆಟಿಕೆಗೆ ದಾರ ಪೋಣಿಸೋ ಕೈಗೆ ಗೊತ್ತಾಗಲ್ವಾ?"

ಬೋಲ್ಟಿಗೆ ದಾರ! ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಸೂಜಿಯಿಂದ ಥ್ರೆಡ್ಡಿನ ಸಂದಿ ಕೆದಕಿ, ಬಂದ ಪುಡಿಯನ್ನು ಬಿಳಿ ಕಾಗದದ ಮೇಲೆ ಉದುರಿಸಿದರು. ಸಾಸಿವೆಯಷ್ಟೂ ಇಲ್ಲ. ಹಳದಿ ಬಣ್ಣ. ನಾನು ತುಕ್ಕು ಎಂದೆ. ಅವರು ನಕ್ಕು, ಎಲೆಯಡಿಕೆ ಡಬ್ಬಿ ತೆಗೆದು, ಕಿರುಬೆರಳ ತುದಿಗೆ ಒಂದಿಷ್ಟು ಸುಣ್ಣ ತಾಗಿಸಿಕೊಂಡು ಆ ಪುಡಿಯ ಮೇಲೆ ಉಜ್ಜಿದರು. ಹಳದಿ ಹೋಗಿ ಚಕ್ಕನೆ ಕೆಂಪಾಯಿತು.

"ಅರಿಶಿನ" ಎಂದರು. "ನಾವು ಆಟಿಕೆ ಬಣ್ಣಕ್ಕೆ ಹಾಕೋದೂ ಇದೇ ಅಲ್ವಾ."

ನನ್ನ ಮುಖದ ಸ್ಥಿತಿ ನೀವೇ ಊಹಿಸಿಕೊಳ್ಳಿ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ ಎಂಬುದು ನಾನು ಪ್ರತಿ ಜೂನ್ ತಿಂಗಳು ಮಕ್ಕಳಿಗೆ ಮಾಡಿ ತೋರಿಸುವ ಪ್ರಯೋಗ. ಮೂರು ದಿನ ಬೋಲ್ಟು ಜೇಬಿನಲ್ಲಿಟ್ಟುಕೊಂಡು ತಿರುಗಿದ ವಿಜ್ಞಾನದ ಮೇಷ್ಟ್ರಿಗೆ ಅದು ಹೊಳೆಯಲಿಲ್ಲ. ಆದರೆ ನಾಚಿಕೊಳ್ಳಲು ಆಗ ಪುರಸೊತ್ತು ಎಲ್ಲಿತ್ತು? ಅರಿಶಿನ ಎಂದ ಕೂಡಲೇ ನನ್ನ ತಲೆಯೊಳಗೆ ಗಂಟೆ ಬಾರಿಸಿದಂತಾಯಿತು. ಕಬ್ಬಿಣಕ್ಕೆ ಅರಿಶಿನ ಹಚ್ಚುವುದು ವರ್ಷದಲ್ಲಿ ಒಂದೇ ದಿನ. ಆಯುಧಪೂಜೆಯ ದಿನ! ಆ ದಿನ ನನ್ನ ಕಾರು ಇದ್ದದ್ದು ಊರಲ್ಲಿ, ಅವ್ವನ ಕೈಯಲ್ಲಿ. ಖಲೀಲಣ್ಣನ ಎರಡೂ ಕೈ ಹಿಡಿದು ಕುಲುಕಿದೆ. ಅವರಿಗೆ ನಾನು ಯಾಕೆ ಇಷ್ಟು ಹಾರಾಡುತ್ತಿದ್ದೇನೆಂದು ಗೊತ್ತಾಗದೆ, ಆಟಿಕೆಗಳ ಮೇಲೆ ಬೀಳಬೇಡಿ ಎಂದಷ್ಟೇ ಹೇಳಿದರು.

ಭಾನುವಾರ ಬೆಳಗ್ಗೆಯೇ ಮಾಗಡಿ ದಾರಿ ಹಿಡಿದೆ. ಊರಿನ ಮನೆಯಲ್ಲಿ ಅವ್ವ, ನನ್ನ ತಮ್ಮ ಶಿವು, ಅವನ ಹೆಂಡತಿ ಮಕ್ಕಳು, ಎರಡು ಹಸು, ಲೆಕ್ಕಕ್ಕೆ ಸಿಗದಷ್ಟು ಕೋಳಿ. ಅವ್ವನಿಗೆ ಎಪ್ಪತ್ತೆಂಟು. ಮನೆಯ ಯಜಮಾನಿಕೆ ಇನ್ನೂ ಅವಳದೇ. ನಾನು ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಅವಳು ಕೊಟ್ಟಿಗೆಯ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮಾತೇ ಆಡದೆ ಬೋಲ್ಟನ್ನು ಅವಳ ಮೊರದೊಳಗೆ ಇಟ್ಟೆ.

"ಅಯ್ಯೋ ನನ್ನಪ್ಪ! ನನ್ ಇಂಜಿನ್ ಬೀಗ!" ಎಂದು ಅವ್ವ ಕೂಗಿದ ರಭಸಕ್ಕೆ ಕೋಳಿಗಳು ಚದುರಿದವು. ಬೋಲ್ಟನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಒಳಗಿದ್ದ ತಮ್ಮನಿಗೆ ಕೇಳುವಂತೆ, "ಲೇ ಶಿವು, ಬಾರ್ಲಾ ಈಚ್ಗೆ. ನೀನು ಮಾರ್ಕಂಡಿಲ್ಲ ಕಣ್ಲಾ ಮಗ, ಸಿಗ್ತು" ಎಂದಳು.

ಶಿವು ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತ. "ಹದಿನೈದು ದಿವ್ಸದಿಂದ ಗುಜರಿಯವ್ನಿಗೆ ಹಾಕ್ಬುಟ್ಟೆ ಅಂತ ನನ್ ಪ್ರಾಣ ತಿಂದವ್ಳೆ ಕಣಣ್ಣ. ಹಟ್ಟಿ ಎಲ್ಲಾ ಅಗೆಯೋದೊಂದು ಬಾಕಿ ಇತ್ತು" ಎಂದ. ಒಂದೇ ಒಂದು ಬೋಲ್ಟು, ಅಲ್ಲಿ ನನ್ನ ತಮ್ಮನನ್ನೂ ಇಲ್ಲಿ ನನ್ನ ಸ್ನೇಹಿತನನ್ನೂ ಒಟ್ಟಿಗೇ ಕಟಕಟೆಗೆ ಏರಿಸಿತ್ತು.

ಇಂಜಿನ್ ಬೀಗದ ಕಥೆ ನಿಮಗೆ ಹೇಳಲೇಬೇಕು. ನಾವು ಚಿಕ್ಕವರಿದ್ದಾಗ ನಮ್ಮ ಬಾವಿಗೆ ಒಂದು ಡೀಸೆಲ್ ಇಂಜಿನ್ ಇತ್ತು. ನಮ್ಮ ಸುತ್ತಿನಲ್ಲಿ ಅದೊಂದೇ. ಅಪ್ಪ ಯಾರು ಕೇಳಿದರೂ ಇಲ್ಲವೆನ್ನದ ಮನುಷ್ಯ. ಅಕ್ಕಪಕ್ಕದ ಹೊಲದವರು ಹೇಳದೆ ಕೇಳದೆ ನಮ್ಮ ಇಂಜಿನ್ ಓಡಿಸಿ ತಮ್ಮ ಕಾಲುವೆಗೆ ನೀರು ತಿರುಗಿಸಿಕೊಳ್ಳುತ್ತಿದ್ದರು. ಅಪ್ಪನಿಗೆ ಹೇಳಿ ಸಾಕಾದ ಅವ್ವ ಒಂದು ದಿನ ತಾನೇ ಬಾವಿಗೆ ಹೋಗಿ, ಬೆಲ್ಟು ಓಡುವ ಗಾಲಿಯನ್ನು ಹಿಡಿದಿಟ್ಟಿದ್ದ ಚೌಕ ತಲೆಯ ಬೋಲ್ಟು ಬಿಚ್ಚಿಕೊಂಡು ಬಂದಳು. ಅದಿಲ್ಲದಿದ್ದರೆ ಇಂಜಿನ್ ಎಷ್ಟು ಕೂಗಿಕೊಂಡರೂ ಪಂಪು ತಿರುಗುವುದಿಲ್ಲ. ಕಮ್ಮಾರರ ಹತ್ತಿರ ಅದಕ್ಕೊಂದು ತೂತು ಕೊರೆಸಿ, ದಾರ ಕಟ್ಟಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬೆಳಗ್ಗೆ ಹೋಗಿ ಹಾಕುವುದು, ಸಂಜೆ ಬಿಚ್ಚಿ ತರುವುದು. ಅಪ್ಪನಿಗೂ ಬೇಕಿದ್ದರೆ ಅವ್ವನನ್ನು ಕೇಳಬೇಕು. ನನಗೂ ಅವಳ ಸೆರಗಿನ ಗಂಟು ಚೆನ್ನಾಗಿ ಗೊತ್ತಿತ್ತು. ಓಡಿ ಬಂದು ತಬ್ಬಿಕೊಂಡರೆ ಅದು ಹಣೆಗೆ ಬಡಿದು ಊದಿಕೊಳ್ಳುತ್ತಿತ್ತು. ಒಳಗೇನಿದೆ ಎಂದು ಯಾವತ್ತೂ ಬಿಚ್ಚಿ ನೋಡಿರಲಿಲ್ಲ. ಪ್ರಪಂಚದ ಬೀದಿಯ ನಟ್ಟುಗಳನ್ನೆಲ್ಲ ಆರಿಸಿದ ಹುಡುಗನಿಗೆ ಅವ್ವನ ಸೆರಗಿನಲ್ಲಿದ್ದ ಬೋಲ್ಟು ಕಾಣಲಿಲ್ಲ.

ಕರೆಂಟು ಬಂದ ಮೇಲೆ ಇಂಜಿನ್ ಮಾರಿದರು. ಅವ್ವ ಬೋಲ್ಟು ಮಾತ್ರ ಕೊಡಲಿಲ್ಲ. ಕೊಂಡವನು ಬೇಡಿಕೊಂಡನಂತೆ. "ನಿನ್ ಇಂಜಿನ್ ನೀನ್ ತಕ್ಕಂಡೋಗು, ನನ್ ಬೀಗ ನಂಗಿರ್ಲಿ" ಎಂದಳಂತೆ. ಅಂದಿನಿಂದ ಪ್ರತಿ ಆಯುಧಪೂಜೆಗೂ ಕುಡುಗೋಲು, ಮಚ್ಚು, ಹಾರೆಗಳ ಸಾಲಿನಲ್ಲಿ ಅದಕ್ಕೂ ಅರಿಶಿನ ಕುಂಕುಮ. ಹೂವಿನ ರಾಶಿಯ ನಡುವೆ ನಾನು ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ. ಈ ಸಲ ಕಾರಿನ ಬಾನೆಟ್ಟು ತೆಗೆದು ಪೂಜೆ ಮಾಡುವಾಗ, ಅವ್ವನಿಗೆ ಒಂದು ಯೋಚನೆ ಬಂದಿದೆ. ಇಂಜಿನ್ ಬೋಲ್ಟು ಕುಡುಗೋಲಿನ ಪಕ್ಕ ಯಾಕಿರಬೇಕು, ಇಂಜಿನ್ ಜೊತೆಯಲ್ಲೇ ಇರಲಿ ಎಂದು ಬ್ಯಾಟರಿಯ ಮೇಲೆ ಇಟ್ಟಿದ್ದಾಳೆ. ಅಷ್ಟರಲ್ಲಿ ನಾನು ಬೂದುಗುಂಬಳಕಾಯಿ ಒಡೆಯುವ ಗಡಿಬಿಡಿಯಲ್ಲಿ ಬಾನೆಟ್ಟು ಮುಚ್ಚಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಕಾರು ಓಡಿಸಿಕೊಂಡು ಹೊರಟುಬಿಟ್ಟೆ. ಬೋಲ್ಟು ಸಂದಿಗೆ ಜಾರಿದೆ. ರಾಜು ಪೈಪು ಹಿಡಿದು ತೊಳೆದಾಗ ಮೈಮೇಲಿನ ಅರಿಶಿನ ಕುಂಕುಮ ಹೋಗಿ, ಕಬ್ಬಿಣ ಮಿಣುಕಿದೆ. ಶಿವು ತನ್ನ ಫೋನು ತೆಗೆದು ಪೂಜೆಯ ಫೋಟೋ ಹುಡುಕಿದ. ಇತ್ತು! ಬ್ಯಾಟರಿಯ ಮೇಲೆ, ಚೆಂಡುಹೂವಿನ ಪಕ್ಕ, ಹಳದಿ ಕೆಂಪು ಬೊಟ್ಟಿಟ್ಟುಕೊಂಡು ರಾಜಗಾಂಭೀರ್ಯದಿಂದ ಮಲಗಿತ್ತು.

ನಾನು ರಾಜುವಿನ ವಿಷಯ ಹೇಳಿದೆ. ಅವ್ವನ ಕೈ ಅವರೆಕಾಯಿಯ ಮೇಲೆ ನಿಂತುಹೋಯಿತು. ನನ್ನನ್ನು ನೋಡಿದ ನೋಟಕ್ಕೆ ನಾನು ಮತ್ತೆ ಫ್ಯಾನು ಬಿಚ್ಚಿದ ಹುಡುಗನಾದೆ. ಗುಂಪಿಗೆ ಹಾಕಲು ಒಂದು ಒಳ್ಳೆಯ ಕ್ಷಮಾಪಣೆ ಬರೆಯುತ್ತೇನೆ ಎಂದೆ. "ನೀನು ಬರ್ದಿದ್ದು ಸಾಕು, ಅದು ಇಲ್ ಕೊಡು" ಎಂದು ಫೋನು ಕಿತ್ತುಕೊಂಡಳು. ಶಿವು ಗುಂಪಿಗೆ ದನಿ ಕಳಿಸುವ ಗುಂಡಿ ಒತ್ತಿ ಹಿಡಿದ. ಅವ್ವ ಫೋನನ್ನು ರೊಟ್ಟಿಯಂತೆ ಅಂಗೈ ಮೇಲಿಟ್ಟುಕೊಂಡು, ಆಚೆ ಹೊಲದವರಿಗೆ ಕೇಳುವಂತೆ ಮಾತಾಡಿದಳು:

"ಎಲ್ರೂ ಕೇಳ್ರಪ್ಪಾ. ನಾನು ಮೇಷ್ಟ್ರ ಅವ್ವ. ಆ ಬೋಲ್ಟು ನಂದು. ಪೂಜೆ ದಿನ ನಾನೇ ಕಾರೊಳ್ಗೆ ಮಡಗಿ ನಾನೇ ಮರ್ತೆ. ಆ ರಾಜು ನಾನು ಕಂಡ ಮಗ, ಅವನ್ದು ಕೂದ್ಲಷ್ಟೂ ತಪ್ಪಿಲ್ಲ. ನನ್ ಮಗುನ್ಗೆ ಒಂದ್ ಮಾತು ಕೇಳೋಕೆ ಬರ್ಲಿಲ್ಲ, ಊರಿಗೆಲ್ಲಾ ಬರ್ಯೋಕ್ ಬಂತು. ಯಾರಾದ್ರೂ ಇನ್ನೊಂದ್ ಸಲ ಆ ಹುಡುಗನ ಮೇಲೆ ಮಾತಾಡಿದ್ರೆ ನಾನೇ ಬತ್ತೀನಿ."

ಕೊನೆಗೆ ಒಂದು ಹಸುವೂ ಅಂಬಾ ಎಂದು ದನಿಗೂಡಿಸಿತು. ಪೂಜೆಯ ಫೋಟೋ, ಅವ್ವನ ದನಿ, ಎರಡೂ ಹೋದವು. ನನ್ನ ತಮಾಷೆ ಕನಕಪುರ ಮುಟ್ಟಲು ಅರ್ಧ ದಿನ ಹಿಡಿದಿತ್ತು. ಅವ್ವನ ದನಿ ಅರ್ಧ ಗಂಟೆಯಲ್ಲಿ ಮುಟ್ಟಿತು.

ಅಷ್ಟಕ್ಕೇ ಅವ್ವ ಬಿಡಲಿಲ್ಲ. ಸೀರೆ ಬದಲಾಯಿಸಿ, ಬಿಡಿಸಿದ ಅವರೆಕಾಳು ಒಂದು ಚೀಲ ಹಿಡಿದು, ಕಾರು ಹತ್ತಿ ಕೂತಳು. ಮಧ್ಯಾಹ್ನ ನಾವು ಗ್ಯಾರೇಜಿನ ಮುಂದೆ ಇಳಿದಾಗ ರಾಜು ಒಬ್ಬನೇ ಇದ್ದ. ಅವ್ವನನ್ನು ಕಂಡು ಎದ್ದು ಬಂದು ಕಾಲು ಮುಟ್ಟಿದ. ಅವಳು ಅವನ ಗಲ್ಲ ಹಿಡಿದು, "ನನ್ನಿಂದ ಆದದ್ದು ಕಣಪ್ಪ" ಎಂದಳು. ಈ ಬೋಲ್ಟು ಇನ್ನು ನಿನ್ನ ಹತ್ತಿರವೇ ಇರಲಿ ಎಂದು ಕೊಡಲು ಹೋದಳು. ರಾಜು ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡವ್ವ ಬ್ಯಾಡ! ಇದೊಂದು ಮಾತ್ರ ನನ್ ಗ್ಯಾರೇಜಿನ ಒಳೀಕೆ ಬರ್ಬಾರ್ದು!" ಎಂದ. ಮೂವರೂ ನಕ್ಕೆವು.

ನಗು ಮುಗಿದ ಮೇಲೆ ನನ್ನ ಕಡೆ ತಿರುಗಿದ. ದನಿ ಏರಿಸಲಿಲ್ಲ. "ಇಸ್ಕೂಲ್ನವ್ರು ಫೋನ್ ಮಾಡಿದ್ರು, ವ್ಯಾನ್ ಕಳಿಸ್ತಾರೆ. ಅದಲ್ಲ ಕಣ್ಲಾ. ನೀನು ಹಾಕಿದ್ದು ನೋಡಿ ನಂಗೇ ಅನುಮಾನ ಬಂದ್ಬುಡ್ತು. ಮೂರು ದಿವ್ಸ ಬಿಗಿ ಮಾಡಿದ್ ಬೋಲ್ಟೇ ಬಿಚ್ಚಿ ನೋಡೋದು, ಮತ್ತೆ ಬಿಗಿ ಮಾಡೋದು. ನನ್ ಕೈನ ನಾನೇ ನಂಬ್ಲಿಲ್ಲ."

ತಪ್ಪಾಯಿತು ರಾಜು ಎಂದೆ, ಅದು ನನಗೇ ಕೇಳಿಸಲಿಲ್ಲ. ಅವನು ಬೆಂಚಿನ ಮೇಲಿನ ಸ್ಪ್ಯಾನರುಗಳನ್ನು ಜೋಡಿಸಿಡುತ್ತ, "ನಾಳೆ ಇಸ್ಕೂಲ್ ಬಿಟ್ಮೇಲೆ ಬಾ, ಕೆಲ್ಸ ಐತೆ" ಎಂದ.

ಸೋಮವಾರ ಸಂಜೆ ಹೋದೆ. ಹಳದಿ ವ್ಯಾನುಗಳು ಎರಡೂ ಬಂದು ನಿಂತಿದ್ದವು. ರಾಜು ಒಂದನ್ನು ಬಿಚ್ಚುತ್ತಿದ್ದ. ಪಕ್ಕದಲ್ಲಿ ಒಂದು ಹಳೆಯ ಇಡ್ಲಿ ತಟ್ಟೆಗಳ ಗೂಡು. ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಸಾಲಿನಲ್ಲೇ ಒಂದೊಂದು ಗುಳಿಗೆ ಒಂದೊಂದರಂತೆ ಇಡುತ್ತಿದ್ದ. ಮೇಲಿನ ತಟ್ಟೆ ತುಂಬಿದರೆ ಕೆಳಗಿನದು. ಮತ್ತೆ ಹಾಕುವಾಗ ಕೆಳಗಿನಿಂದ ಮೇಲಕ್ಕೆ. ಬಾನೆಟ್ಟು ಮುಚ್ಚುವ ಮೊದಲು ಒಂದೊಂದು ಗುಳಿಗೂ ಬೆರಳು ಹಾಕಿ ಸವರಿ, ಖಾಲಿ ಎಂದು ಖಾತ್ರಿ ಮಾಡಿಕೊಂಡ. ಇಷ್ಟು ವರ್ಷ ಗಾಡಿ ಬಿಟ್ಟು ಕಾಫಿ ಕುಡಿಯಲು ಹೋಗುತ್ತಿದ್ದ ನಾನು ಅವನ ಈ ಪದ್ಧತಿಯನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ನೋಡಿದ್ದರೆ ಆ ಫೋಟೋ ಹಾಕುತ್ತಿರಲಿಲ್ಲ.

ಎರಡನೆಯ ವ್ಯಾನಿಗೆ ಬಂದಾಗ ತಟ್ಟೆಗಳನ್ನು ನನ್ನ ಕೈಗೆ ಕೊಟ್ಟ. "ಎಣಿಸ್ಕೊಂಡು ಇಟ್ಕೋ ಮೇಷ್ಟ್ರೇ" ಎಂದ. ಇಟ್ಟುಕೊಂಡೆ. ಅವನು ಬಿಚ್ಚಿ ಬಿಚ್ಚಿ ಕೊಟ್ಟ, ನಾನು ಗುಳಿಗೆ ಹಾಕಿದೆ, ಬಾಯಲ್ಲಿ ಎಣಿಸಿದೆ, ತಪ್ಪುತ್ತದೇನೋ ಎಂದು ಹೆದರಿ ಮತ್ತೆ ಎಣಿಸಿದೆ. ಹದಿನಾರು. ಪರೀಕ್ಷೆ ಹಾಲಿನಲ್ಲೂ ನಾನು ಹಾಗೆ ಬೆವರಿದವನಲ್ಲ. ಅವನು ಒಳಗಿನ ಕೆಲಸ ಮುಗಿಸಿ ಹಿಂದಕ್ಕೆ ನೋಡದೆ ಕೈ ಚಾಚಿದ. ಹದಿನಾರನೆಯದರಿಂದ ಶುರುಮಾಡಿ ಒಂದೊಂದೇ ಕೊಟ್ಟೆ. ಕೊನೆಯದು ಹೋಯಿತು. ಅವನು ಬಿಗಿ ಮಾಡಿದ, ಸ್ಪ್ಯಾನರು ಕೆಳಗಿಟ್ಟ. ಅವನು ಬೆರಳಾಡಿಸಿ ನೋಡಲಿ ಎಂದು ನಾನು ತಟ್ಟೆಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ.

"ಎಲ್ಲಾ ಆಯ್ತೇನ್ಲಾ?" ಎಂದ.

"ಆಯ್ತು" ಎಂದೆ.

ಅವನು ತಟ್ಟೆಯ ಕಡೆ ತಿರುಗಿಯೂ ನೋಡದೆ ಬಾನೆಟ್ಟು ಇಳಿಸಿ ಮುಚ್ಚಿದ.